ಮಕ್ಕಳ ಓದು: ಪರೀಕ್ಷೆಯಾಚೆಗಿನ ಅಲಂಕಾರ

ಕಳೆದ ಶ್ರಾವಣದಲ್ಲಿ ಹಾನಗಲ್ಲ ಸಮೀಪದ ಹಳ್ಳಿಯೊಂದಕ್ಕೆ, ಬಂಧುಗಳ ಮನೆಗೆ ಹೋಗಿದ್ದೆ. ಎಂಟನೆಯ ತರಗತಿಯಲ್ಲಿ ಓದುವ ಆ ಮನೆಯ ಹುಡುಗಿ ಪಡಸಾಲೆಯಲ್ಲಿ ಕುಳಿತು ಉಪಮಾಲಂಕಾರದ ಲಕ್ಷಣವನ್ನು ಬಾಯಿಪಾಠ ಮಾಡುತ್ತಿದ್ದಳು. ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಎಂಬ ನಾಲ್ಕನ್ನೂ ತಪ್ಪಿಲ್ಲದೆ ಒಪ್ಪಿಸಿದಳು. "ಪುಸ್ತಕದಲ್ಲಿ ಇಲ್ಲದ ಒಂದು ಉದಾಹರಣೆ ಹೇಳವ್ವಾ" ಎಂದೆ. ಮಗು ತಲೆ ತಗ್ಗಿಸಿತು. "ಪುಸ್ತಕದಾಗಿಂದು ಕೇಳ್ರಿ, ಎಲ್ಲಾ ಹೇಳ್ತಾಳ" ಎಂದು ತಾಯಿ ಮಗಳ ನೆರವಿಗೆ ಬಂದರು.

ಅಷ್ಟರಲ್ಲಿ ಕಟ್ಟೆಯ ಮೇಲೆ ಶೇಂಗಾ ಆರಿಸುತ್ತಿದ್ದ ಅಜ್ಜಿ ತಮ್ಮಷ್ಟಕ್ಕೆ ತಾವೇ ನುಡಿದರು: "ದೊಡ್ಡ ಮೊಮ್ಮಗ ಓದಾಕಂತ ಧಾರವಾಡಕ್ಕ ಹೋದಾಗಿಂದ ಈ ಅಂಗಳ ಸುಗ್ಗಿ ಮುಗದ ಕಣದಂಗ ಬಿಕೋ ಅಂತೈತ್ರಿ."

ಅಂಗಳ ಉಪಮೇಯ, ಕಣ ಉಪಮಾನ, ಬಿಕೋ ಎನ್ನುವುದು ಸಮಾನಧರ್ಮ, 'ಅಂಗ' ಎಂಬುದು ವಾಚಕ. ಪೂರ್ಣೋಪಮೆಯೇ ಕಟ್ಟೆಯ ಮೇಲೆ ಕುಳಿತಿತ್ತು! ಹುಡುಗಿಗೆ ಅದನ್ನು ಬಿಡಿಸಿ ತೋರಿಸಿದಾಗ ಅವಳ ಮುಖ ಅರಳಿತು, ಮರುಕ್ಷಣವೇ ಬಾಡಿತು. ಅಜ್ಜಿ ಹೇಳಿದ್ದು ಅಲಂಕಾರವನ್ನಲ್ಲ, ತಮ್ಮ ಒಂಟಿತನವನ್ನು ಎಂಬುದು ಅವಳಿಗೆ ಹೊಳೆದಿತ್ತು. ಪುಸ್ತಕ ಮಡಿಚಿಟ್ಟು ಅಜ್ಜಿಯ ಪಕ್ಕದಲ್ಲಿ ಶೇಂಗಾ ಆರಿಸಲು ಕುಳಿತಳು.

ಅಲಂಕಾರವೆಂದರೆ ಒಡವೆಯಂತೆ ಮೇಲೆ ತೊಡಿಸುವ ವಸ್ತುವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನೇರವಾಗಿ ಹೇಳಲಾಗದುದನ್ನು ಹೇಳುವ ದಾರಿಯೇ ಅದು. ಈ ದಾರಿಯನ್ನು ತುಳಿದವರು ನಮ್ಮ ಸೀಮೆಯಲ್ಲಿಯೇ ಇದ್ದಾರೆ. ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿಗೂ ಭತ್ತಕ್ಕೂ ಬಾಯಿ ಕೊಟ್ಟು ಜಗಳವಾಡಿಸಿದರು. ಆರು ತಿಂಗಳ ಸೆರೆವಾಸದ ನಂತರ ಭತ್ತ ಸೊರಗಿತು, ರಾಗಿ ಗಟ್ಟಿಯಾಗಿ ಉಳಿಯಿತು. ಕೇಳುವವರಿಗೆ ಅದು ಧಾನ್ಯಗಳ ಕಥೆ. ತಿಳಿದವರಿಗೆ ಬಡವ ಬಲ್ಲಿದರ, ಮೇಲು ಕೀಳುಗಳ ಕಥೆ. ಅದೇ ತಾಲೂಕಿನ ಶಿಶುನಾಳದ ಶರೀಫರು (1819–1889) ಸೋರುವ ಮಾಳಿಗೆಯನ್ನು ತೋರಿಸಿ ಅಜ್ಞಾನವನ್ನು ಅರುಹಿದರು. ಹಿರೇಕೆರೂರು ಸೀಮೆಯ ಮಾಸೂರಿನೊಡನೆ ಹೆಸರು ಕೂಡಿಕೊಂಡಿರುವ ಸರ್ವಜ್ಞ ಒಗಟನ್ನೇ ತ್ರಿಪದಿಯಾಗಿಸಿದ. ಅಕ್ಕಮಹಾದೇವಿಯ ವಚನದ ರೇಷ್ಮೆಹುಳುವನ್ನು ಅರಿಯದ ಮನೆ ನಮ್ಮಲ್ಲಿ ಯಾವುದಿದೆ?

ಈ ಬೆಳಕಿನಲ್ಲಿ ಮಕ್ಕಳಿಗೆ ಕಾದಂಬರಿಗಳನ್ನು ಕೊಡಬೇಕು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಏಳೆಂಟನೆಯ ತರಗತಿಯ ಮಕ್ಕಳ ಕೈಗೆ ಒಪ್ಪುವ ಪುಸ್ತಕ. ವಿಜ್ಞಾನಿಯೊಬ್ಬರು ಹಳ್ಳಿಯ ಮಂದಣ್ಣನ ತಿಳಿವಳಿಕೆಯನ್ನು ಗೌರವಿಸಿ, ಅವನನ್ನೂ ಕೂಡಿಕೊಂಡು ಹಾರುವ ಓತಿಯನ್ನು ಅರಸಿ ಕಾಡಿಗೆ ಹೋಗುತ್ತಾರೆ. ಆ ಓತಿ ಬರಿಯ ಪ್ರಾಣಿಯೇ, ಅಥವಾ ಕೈಗೆ ಸಿಕ್ಕಂತಾಗಿ ಸಿಗದ ಸತ್ಯವೇ? ಸಂಕೇತವೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಆರ್. ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' (1935) ಕಾದಂಬರಿಯಲ್ಲಿ ಕ್ರಿಕೆಟ್‌ಗಾಗಿ ಹಂಬಲಿಸಿದ ಹುಡುಗನೇ ಪಂದ್ಯದ ದಿನ ಊರಲ್ಲಿರುವುದಿಲ್ಲ. ವಿಧಿಯ ಆ ವ್ಯಂಗ್ಯವನ್ನು ಮಗು ನಗುತ್ತ, ಕೊಂಚ ನೋಯುತ್ತ ಕಲಿಯುತ್ತದೆ. ನಾ. ಡಿಸೋಜಾ ಅವರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಆ ಹೆಸರನ್ನೇ ಗಮನಿಸಿ: ಮುಳುಗಡೆಯ ಊರನ್ನು ಬಿಟ್ಟು ಹೋಗುವವರುಂಟು, ಬಂದವರು ಯಾರು? ಕುತೂಹಲ ಅಲ್ಲಿಯೇ ಮೊಳೆಯುತ್ತದೆ.

"ಕಾದಂಬರಿ ಓದಿದರೆ ಅಭ್ಯಾಸ ಕೆಡುತ್ತದೆ" ಎನ್ನುವ ಪಾಲಕರು ಇಂದಿಗೂ ಇದ್ದಾರೆ. ಹಾವೇರಿ ಭಾಗದ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ ನಾಡಿದು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಜ್ಞಾನಪೀಠದವರೆಗೆ ಏರಿದ ಸೀಮೆಯಿದು. ಇಲ್ಲಿಯ ಮಕ್ಕಳು ಲಕ್ಷಣವನ್ನಷ್ಟೇ ಬಲ್ಲವರಾಗಿ ಉಳಿದರೆ ಅಂಕಗಳು ಬಂದಾವು. ಆದರೆ ಮನೆಯವರ ಮಾತಿನೊಳಗಿನ ನೋವು ನಲಿವು ಅವರಿಗೆ ಕೇಳಿಸದೆ ಹೋದೀತು. ತಮ್ಮ ನೋವನ್ನು ಹೇಳಿಕೊಳ್ಳುವ ಮಾತೂ ಸಿಗದೆ ಹೋದೀತು.

ತಾಯಂದಿರಲ್ಲಿ ನನ್ನ ಬಿನ್ನಹವಿಷ್ಟೆ. ಸಂಜೆ ದೀಪ ಹಚ್ಚಿದ ಬಳಿಕ ಅರ್ಧ ತಾಸು ಮಗುವಿನಿಂದ ಗಟ್ಟಿಯಾಗಿ ಕಥೆ ಓದಿಸಿರಿ. ಲಕ್ಷಣ ಕೇಳಬೇಡಿರಿ, ಮೂರು ಪ್ರಶ್ನೆಗಳು ಸಾಕು. ಈ ಕಥೆಯನ್ನು ಹೇಳುತ್ತಿರುವವರು ಯಾರು? ಇದನ್ನು ಯಾವುದಕ್ಕೆ ಹೋಲಿಸಿದ್ದಾರೆ, ಏಕೆ? ಹೇಳದೆ ಉಳಿಸಿದ್ದು ಯಾವುದು? ಅಜ್ಜಿಯನ್ನೂ ಹತ್ತಿರ ಕೂಡಿಸಿಕೊಳ್ಳಿರಿ. ಅವರು ನಡುವೆ ಒಂದು ಗಾದೆ ಹೇಳಿದರೆ ಓದು ನಿಂತಿತೆಂದು ಬೇಸರಪಡಬೇಡಿರಿ.

ಹಾನಗಲ್ಲಿನ ಆ ಹುಡುಗಿ ಪರೀಕ್ಷೆಯಲ್ಲಿ ಎಷ್ಟು ಅಂಕ ಪಡೆದಳೋ ಕೇಳಲಿಲ್ಲ. ಅಂದು ರಾತ್ರಿ ಧಾರವಾಡಕ್ಕೆ ಫೋನು ಮಾಡಿ, ಅಣ್ಣನಿಗೆ ಅವಳು ಹೇಳಿದ್ದು ಒಂದೇ ಮಾತು: "ಅಣ್ಣಾ, ಕಣ ಬರಿದಾಗೇತಿ, ಒಮ್ಮೆ ಬಂದು ಹೋಗು." ಉಪಮೆ ಅವಳ ಬಾಯಲ್ಲಿ ರೂಪಕವಾಗಿತ್ತು.