ಬಾವಿಗೆ ಸುರಿದದ್ದು ಬಾವಿಯಲ್ಲೇ ಉಳಿಯುವುದಿಲ್ಲ



ಎಂಡೋಸಲ್ಫಾನ್ ಕೀಟನಾಶಕದ ವಿಷ ಅಂದರೆ ಎಣ್ಮಕಜೆ ಪಂಚಾಯತಿನವರ ಪಾಡು, ನಮಗೇನು ಎನ್ನುವವರು ನಮ್ಮ ಉಪ್ಪಳ ಪೇಟೆಯಲ್ಲಿ ಈಗಲೂ ಇದ್ದಾರೆ. ಪೀಡಿತವೆಂದು ಸರಕಾರ ಗುರುತಿಸಿದ 11 ಪಂಚಾಯತುಗಳಲ್ಲಿ ನಮ್ಮ ಮಂಗಲ್ಪಾಡಿ ಇಲ್ಲ, ನಿಜ. ಆದರೆ ಎಣ್ಮಕಜೆಯ ಗುಡ್ಡೆಗಳ ನೀರು ತೋಡುಗಳಲ್ಲಿ ಇಳಿದು ಶಿರಿಯ ಹೊಳೆಗೆ ಸೇರುತ್ತದೆ. ಆ ಹೊಳೆಯ ಕೆಳದಂಡೆಯಲ್ಲಿ ಇರುವವರು ನಾವು.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ವಿಷ ಸುರಿಯಿತು. ಕೆಳಗೆ ತೆರೆದ ಬಾವಿಗಳಿದ್ದವು, ಸುರಂಗದ ನೀರು ತುಂಬುವ ಕೆರೆಗಳಿದ್ದವು, ಶಾಲೆಗೆ ಹೋಗುವ ಮಕ್ಕಳಿದ್ದರು. ಕಾಲು ತಿರುಚಿದ ಕರುಗಳು ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆ 1979ರಷ್ಟು ಹಿಂದೆಯೇ ಬರೆದರು. ವಾಣೀನಗರದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ವಿವರ ಬರೆದಿಡುತ್ತ ಹೋದರು. ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದವರು, 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ತಡೆಯಾಜ್ಞೆ ತಂದರು. ಅಷ್ಟೂ ಕಾಲ ಮೇಲಿನವರ ಉತ್ತರ ಒಂದೇ: ಪುರಾವೆ ಎಲ್ಲಿ? ಪುರಾವೆ ತೊಟ್ಟಿಲಲ್ಲಿ ಮಲಗಿತ್ತು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು 2017ರ ಜನವರಿಯಲ್ಲಿ ಅದೇ ಕೋರ್ಟು ಹೇಳಿದ ಮೇಲೂ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟೇರಿಯಟಿನ ಎದುರು ಕೂರಬೇಕಾಯಿತು.

ಸಿಂಪಡಣೆ ನಿಂತಿತು. ಉಳಿದ ವಿಷ ಎಲ್ಲಿಗೆ ಹೋಯಿತು? ಕರ್ನಾಟಕದ ಗಡಿಯ ನೆಟ್ಟಣಿಗೆ ಮುಡ್ನೂರಿಗೆ ತಾಗಿದ ಮಿಂಚಿನಪದವಿನ ಪಾಳುಬಾವಿಗೆ ಒಂದಷ್ಟನ್ನು ಹಾಕಿ ಮುಚ್ಚಿದರೆಂಬುದು ಬಹುಕಾಲದ ಆರೋಪ. ಉಡುಪಿಯ ಡಾ. ರವೀಂದ್ರನಾಥ ಶಾನುಭಾಗ್ ಅದರ ಬೆನ್ನು ಹತ್ತಿದರು. ಪ್ರಕರಣ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಣ್ಣು, ನೀರಿನ ಮಾದರಿ ತೆಗೆದುಕೊಂಡು ಹೋದರು. ಎರಡು ರಾಜ್ಯಗಳ ಗಡಿಯಲ್ಲಿ ಹುಗಿದರೆ ಕೇಳುವವರು ಕಡಿಮೆ ಎಂದು ಯಾರಾದರೂ ಎಣಿಸಿದ್ದರೆ ಆಶ್ಚರ್ಯವಿಲ್ಲ.

ಎಂಡೋಸಲ್ಫಾನ್ ನೀರಿನಲ್ಲಿ ಸುಲಭಕ್ಕೆ ಕರಗದು, ಹಾಗಾಗಿ ಭಯವಿಲ್ಲ ಎಂದು ವಾದಿಸುವವರಿದ್ದಾರೆ. ಅದು ಮಣ್ಣಿಗೆ ಅಂಟಿಕೊಳ್ಳುತ್ತದೆ, ಮಳೆಗಾಲದಲ್ಲಿ ಮಣ್ಣಿನೊಂದಿಗೇ ಹೊರಡುತ್ತದೆ. ಒಡೆದಾಗ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ, ಬಾಳಿಕೆ ಇನ್ನೂ ಹೆಚ್ಚು. ನಮ್ಮ ನೆಲವೋ ಜರಡಿಯಂಥ ಮುರಕಲ್ಲು.

ನೆಲದೊಳಗಿನದು ಅಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ದೂರದ ಒಂದು ಉದಾಹರಣೆ: ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡಿಮೊಕ್ ಎಂಬ ಹಳ್ಳಿಯಿದೆ. ಅಲ್ಲಿ ನೆಲದಾಳದ ಬಂಡೆಯನ್ನು ನೀರು, ಮರಳು, ರಾಸಾಯನಿಕಗಳ ಒತ್ತಡದಿಂದ ಸೀಳಿ ಅನಿಲ ತೆಗೆಯುತ್ತಾರೆ. ಫ್ರ್ಯಾಕಿಂಗ್ ಎಂದು ಅದರ ಹೆಸರು. 2009ರ ಹೊಸ ವರ್ಷದ ದಿನ ಅನಿಲ ತುಂಬಿ ಒಂದು ಮನೆಯ ಬಾವಿಯೇ ಸ್ಫೋಟಿಸಿತು. ಆ ಅನಿಲ ನಮ್ಮದಲ್ಲ ಎಂದು ಅಲ್ಲಿ ಅನಿಲ ತೆಗೆಯುತ್ತಿದ್ದ ಕಂಪೆನಿ ವರ್ಷಗಟ್ಟಲೆ ವಾದಿಸಿ, 2022ರಲ್ಲಿ ಕೋರ್ಟಿನಲ್ಲಿ ಆರೋಪವನ್ನು ವಿರೋಧಿಸದೆ ಸುಮ್ಮನಾಯಿತು. ನಮ್ಮ ಗಟ್ಟಿ ಕರಿಬಂಡೆಯಲ್ಲಿ ಆ ಅನಿಲವಿಲ್ಲ, ಫ್ರ್ಯಾಕಿಂಗ್ ಇಲ್ಲಿಗೆ ಬರಲಾರದು. ಆದರೆ ನೆಲದೊಳಗಿನದು ಅಲ್ಲೇ ಇರುತ್ತದೆ ಎಂಬ ಭರವಸೆ ಮಾತ್ರ ಅಲ್ಲಿಯೂ ಇಲ್ಲಿಯೂ ಒಂದೇ. ಫ್ರಾನ್ಸ್ ಆ ಭರವಸೆಯನ್ನು ನಂಬಲಿಲ್ಲ, 2011ರಲ್ಲೇ ಫ್ರ್ಯಾಕಿಂಗನ್ನು ನಿಷೇಧಿಸಿತು.

ನಿಮ್ಮ ಬಾವಿಯಲ್ಲಿ ವಿಷವಿದೆ ಎಂದು ಹೆದರಿಸಲು ನಾವು ಬಂದಿಲ್ಲ. ಪರೀಕ್ಷೆ ಮಾಡಿ ತೋರಿಸಿ ಎಂದು ಸರಕಾರವನ್ನು ಕೇಳಲು ನಿಮ್ಮ ದನಿ ಬೇಕು. ಮುಂದಿನ ಗ್ರಾಮಸಭೆಗೆ ಬನ್ನಿ. ಶಿರಿಯ ಹೊಳೆಯ ನೀರು, ಕೆಸರು, ಮೀನು, ದಂಡೆಯ ಬಾವಿಗಳು, ಎಲ್ಲವನ್ನೂ ಮಳೆಗಾಲದ ಮೊದಲೊಮ್ಮೆ, ನಂತರ ಒಮ್ಮೆ ಪರೀಕ್ಷಿಸಲಿ. ಫಲಿತಾಂಶವನ್ನು ಪಂಚಾಯತಿನ ಗೋಡೆಗೆ ಅಂಟಿಸಲಿ. ಮಿಂಚಿನಪದವಿನ ಬಾವಿಯನ್ನು ತಜ್ಞರ ಸಮ್ಮುಖದಲ್ಲಿ ತೆರೆದು, ಸಿಕ್ಕಿದ್ದನ್ನು ಮತ್ತೆಲ್ಲೋ ಹುಗಿಯದೆ ನಾಶಮಾಡಲಿ. ಕೆಂಪುಕಲ್ಲು ತೆಗೆದು ಬಿಟ್ಟ ನಮ್ಮ ಹೊಂಡಗಳಿಗೆ ಯಾವ ಕಸವೂ ಬೀಳದಂತೆ ಪಂಚಾಯತು ನಿರ್ಣಯ ಮಾಡಲಿ.

ಈ ಬೇಡಿಕೆಗಳ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಕಾಸರಗೋಡಿನ ಭಾಷಾ ಅಲ್ಪಸಂಖ್ಯಾತರಿಗೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಆ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ಕೊಟ್ಟ ಅರ್ಜಿಗೆ ರಶೀದಿ ಪಡೆಯದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.

— ಮಂಗಲ್ಪಾಡಿಯ ನಾಗರಿಕರು