ಪ್ರವಾದಿ ಆಮೋಸನ ತಕ್ಕಡಿ

ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಇಸ್ರಯೇಲಿನ ಉತ್ತರ ರಾಜ್ಯವನ್ನು ಎರಡನೆಯ ಯಾರೊಬ್ಬಾಮನು ಆಳುತ್ತಿದ್ದನು. ಗಡಿಗಳು ವಿಸ್ತರಿಸಿದ್ದವು, ವ್ಯಾಪಾರ ಕುದುರಿತ್ತು, ಬೇತೇಲಿನ ದೇವಾಲಯದಲ್ಲಿ ಬಲಿಗಳಿಗಾಗಲಿ ಗೀತೆಗಳಿಗಾಗಲಿ ಕೊರತೆಯಿರಲಿಲ್ಲ. ಅಲ್ಲಿಗೆ ದಕ್ಷಿಣದ ತೆಕೋವ ಎಂಬ ಹಳ್ಳಿಯಿಂದ ಬಂದವನು ಆಮೋಸ. ಅವನು ಗುರುಕುಲದವನಲ್ಲ, ಕುರಿ ಕಾಯುತ್ತಾ, ಅತ್ತಿಯ ಮರಗಳನ್ನು ನೋಡಿಕೊಂಡಿದ್ದವನು. ಯಾಜಕ ಅಮಚ್ಯನು ಅವನಿಗೆ, ನಿನ್ನ ನಾಡಿಗೆ ಹೋಗಿ ಅಲ್ಲಿ ಹೊಟ್ಟೆ ಹೊರೆದುಕೋ ಎಂದು ಗದರಿಸಿದನು. ಮಂದೆಯ ಹಿಂದೆ ಹೋಗುತ್ತಿದ್ದ ತನ್ನನ್ನು ದೇವರೇ ಕರೆದರೆಂದು ಆಮೋಸನು ಉತ್ತರಿಸಿದನು.

ಅವನನ್ನು ಕಿರು ಪ್ರವಾದಿ ಎನ್ನುವುದು ಗ್ರಂಥದ ಗಾತ್ರದಿಂದ ಮಾತ್ರ. ಅದರಲ್ಲಿರುವುದು 9 ಅಧ್ಯಾಯಗಳು. ಆದರೆ ಅವನ ಮಾತಿನ ಭಾರ ಕಿರಿದಲ್ಲ. ಅಳತೆಯನ್ನು ಕಿರಿದುಮಾಡಿ ಬೆಲೆಯನ್ನು ಹಿರಿದುಮಾಡುವವರು, ಕಳ್ಳ ತಕ್ಕಡಿ ಹಿಡಿಯುವವರು, ಬಡವನನ್ನು ಒಂದು ಜೊತೆ ಕೆರಕ್ಕೆ ಕೊಳ್ಳುವವರು, ಇವರೆಲ್ಲರನ್ನೂ ಅವನು ಎತ್ತಿ ಹೇಳಿದನು. ಸಾಧಾರಣ ಕಾಲದ 25ನೇ ಭಾನುವಾರ, ಮೂರು ವರ್ಷಗಳಿಗೊಮ್ಮೆ, ಇದೇ ವಾಚನವನ್ನು ನಾವು ಬಲಿಪೂಜೆಯಲ್ಲಿ ಆಲಿಸುತ್ತೇವೆ.

ಈ ಮಾತು ನಮ್ಮ ಜಿಲ್ಲೆಗೆ ದೂರದ್ದೇ? ಕಬ್ಬಿನ ಬಾಕಿ, ಸಾಲದ ಹೊರೆಗಳ ನಡುವೆ 2015ರಲ್ಲಿ ಮಂಡ್ಯದ ರೈತರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡುದನ್ನು ನಾವು ಮರೆತಿಲ್ಲ. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅಡವಿಟ್ಟ ಹೊದಿಕೆಯನ್ನು ಸೂರ್ಯ ಮುಳುಗುವ ಮುನ್ನ ಬಡವನಿಗೆ ಹಿಂದಿರುಗಿಸಬೇಕೆಂಬುದು ಮೋಶೆಯ ಧರ್ಮಶಾಸ್ತ್ರ. ಅದೇ ಹೊದಿಕೆಯ ಮೇಲೆ ಬಲಿಪೀಠದ ಪಕ್ಕದಲ್ಲಿ ಮಲಗುವ ಭಕ್ತರನ್ನು ಆಮೋಸನು ಕಂಡನು. ಅವರು ದೇವಾಲಯಕ್ಕೆ ಬಾರದವರಲ್ಲ, ಬಂದವರೇ. ಈ ಮಾತು ನಮ್ಮನ್ನು ಚುಚ್ಚಬೇಕಾದುದು ಇಲ್ಲಿಯೇ. ಮೀಟರ್ ಬಡ್ಡಿಗೆ ಹಣ ಕೊಡುವವರು, ಕಬ್ಬು ಕಡಿಯುವವರ ಕೂಲಿಯನ್ನು ತಡೆಹಿಡಿಯುವವರು ನಮ್ಮ ನಡುವೆ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ಉತ್ಸವಗಳನ್ನು ದೇವರು ಒಲ್ಲರು, ನ್ಯಾಯವು ನೀರಿನಂತೆ, ನೀತಿಯು ಬತ್ತದ ತೊರೆಯಂತೆ ಹರಿಯಲಿ ಎಂಬುದೇ ಅವನ ಸಂದೇಶದ ತಿರುಳು. ಪಾಲೆಸ್ತೀನಿನ ಅನೇಕ ಹಳ್ಳಗಳು ಮಳೆಗಾಲದಲ್ಲಿ ಭೋರ್ಗರೆದು ಬೇಸಿಗೆಯಲ್ಲಿ ಒಣಗುತ್ತವೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ, ಮದ್ದೂರು, ಮಳವಳ್ಳಿಗಳಲ್ಲಿ, ಕಟ್ಟು ನೀರಿನ ಸರದಿಗಾಗಿ ಕಾಯುವ ರೈತನಿಗೆ ಈ ಹೋಲಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಮೇಲಿನವರು ತೂಬನ್ನು ಮುಚ್ಚಿದರೆ ಮಾತ್ರ ಕೆಳಗಿನವನ ಗದ್ದೆಗೆ ನೀರು. ನ್ಯಾಯವೂ ಹಾಗೆಯೇ. ಉಳ್ಳವರು ತಮ್ಮ ಪಾಲಿಗೆ ಮಿತಿ ಹಾಕಿಕೊಂಡಾಗ ಅದು ಕೊನೆಯ ಮನೆಯನ್ನು ತಲಪುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿ ವಾರ್ಷಿಕ ಹಬ್ಬಗಳು ವಿಜೃಂಭಣೆಯಿಂದ ಜರುಗುತ್ತವೆ. ದೀಪಾಲಂಕಾರ, ಬ್ಯಾಂಡು, ತೇರಿನ ಮೆರವಣಿಗೆ ಬೇಡವೆನ್ನಲಾರೆವು. ಆದರೆ ಅದರ ವೆಚ್ಚದ ಒಂದು ಪಾಲನ್ನು ಸಾಲದಲ್ಲಿ ಮುಳುಗಿದ ನೆರೆಯ ಕುಟುಂಬಕ್ಕೆ, ಜಾತಿ ಮತ ಕೇಳದೆ, ಎತ್ತಿಡುವುದು ಅಸಾಧ್ಯವೇ? ಹಬ್ಬದ ಮುನ್ನಾದಿನ ಬಾಕಿ ಕೂಲಿಯನ್ನು ತೀರಿಸುವುದು ಕಷ್ಟವೇ? ಆಮೋಸನ ಗ್ರಂಥವು ಮುಗಿಯುವುದು ಉಳುವವನು ಕೊಯ್ಯುವವನ ಬೆನ್ನಟ್ಟುವಷ್ಟು ಹುಲುಸಾದ ಬೆಳೆಯ ವಾಗ್ದಾನದೊಂದಿಗೆ. ಆ ವಾಗ್ದಾನವನ್ನು ಬಯಸುವ ನಾವು ಮೊದಲು ನಮ್ಮ ಮನೆಯ ತಕ್ಕಡಿಯನ್ನು ನೋಡಿಕೊಳ್ಳೋಣ.