ಅಡಿಕೆ ಸಿಪ್ಪೆಯ ರಬ್ಬರ್ ಹಾಸು: ಅವಸರ ಬೇಡ

ಅಡಿಕೆ ಸಿಪ್ಪೆಯ ನಾರನ್ನು ರಬ್ಬರಿಗೆ ಬೆರೆಸಿ ದನದ ಕೊಟ್ಟಿಗೆಗೆ ಹಾಸು ಮಾಡುವ ಯಂತ್ರಕ್ಕೆ ಸಂಘದ ಷೇರು ಹಣ ತೊಡಗಿಸಬೇಕೆಂದು ಕೆಲವು ಸದಸ್ಯರು ಒತ್ತಾಯಿಸುತ್ತಿದ್ದಾರೆ. ರೋಣ, ನರಗುಂದ, ಗಜೇಂದ್ರಗಡದ ಕಡೆ ಮನೆಮನೆಗೂ ಎತ್ತು ಎಮ್ಮೆ ಉಂಟು, ಮಾಲು ಅಲ್ಲಿ ಖರ್ಚಾದೀತೆಂಬುದು ಅವರ ಲೆಕ್ಕ. ಸಿಪ್ಪೆಯನ್ನು ಸುಮ್ಮನೆ ಸುಡುವುದು ನಮಗೂ ಹಿತವಲ್ಲ. ಆದರೂ ಈಗಲೇ ಹಣ ಹಾಕಬಾರದೆಂಬುದು ನಮ್ಮ ಅಭಿಪ್ರಾಯ.

1839ರಲ್ಲಿ ಅಮೆರಿಕದ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿದ ಮೇಲೆಯೇ ರಬ್ಬರು ಬಿಸಿಲಿಗೆ ಅಂಟದ, ಚಳಿಗೆ ಬಿರುಸಾಗದ ವಸ್ತುವಾಯಿತು. ಟೈರು ಕಪ್ಪಾಗಿರುವುದು ಅದರಲ್ಲಿ ಬೆರೆತ ನಯವಾದ ಇಂಗಾಲದ ಮಸಿಯಿಂದ. ಸವೆತ ತಡೆಯುವುದೂ ಅದೇ. ಮಸಿ ರಬ್ಬರಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ನಾರು ಹಾಗಲ್ಲ. ನೀರು ಹೀರಿ ಉಬ್ಬುತ್ತದೆ, ರಬ್ಬರಿನಿಂದ ಬಿಟ್ಟುಕೊಳ್ಳುತ್ತದೆ. ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಹಿಡಿತ ಸುಧಾರಿಸುತ್ತದೆ, ನಿಜ. ತೊಳೆದ ನೀರನ್ನು ಯಾರ ಹಳ್ಳಕ್ಕೆ ಬಿಡೋಣ? ಅದೂ ಹಗಲಿರುಳು ಗಂಜಲ ನಿಲ್ಲುವ ಜಾಗದ ಹಾಸು ಇದು!

1955ರಲ್ಲಿ ಆರಂಭವಾದ ಕೊಟ್ಟಾಯಂನ ರಬ್ಬರ್ ಸಂಶೋಧನಾ ಸಂಸ್ಥೆಗೆ ಮೊದಲು ಮಾದರಿ ಕಳಿಸೋಣ. ನೆನೆಸಿ, ಒಣಗಿಸಿ, ಎಳೆದು ನೋಡಿದ ವರದಿ ಬರಲಿ. ನರಗುಂದದ ನಾಲ್ಕು ಕೊಟ್ಟಿಗೆಗಳಲ್ಲಿ ಒಂದು ಮಳೆಗಾಲ ಹಾಸಿ ನೋಡೋಣ. ಯಂತ್ರದ ಮಾತು ಆಮೇಲೆ, ಮಹಾಸಭೆಯಲ್ಲಿ.